ಈಶಾನ್ಯದ ಚುಕ್ಕೆ

ಸೋಮವಾರ, ಬೆಳಿಗ್ಗೆ ಏಳೂವರೆ. ಚಿಕ್ಕೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿದ್ದವರು ಮೂವರು: ನಾನು, ನನ್ನ ಹೆಂಡತಿ, ಮತ್ತು ರಾಯಬಾಗದಿಂದ ಮೊದಲ ಬಸ್ಸಿಗೆ ಬಂದ, ತೀರಿಹೋದ ವಿಜ್ಞಾನದ ಸರ್ ಅವರ ಮಗಳು. ಆಕೆ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ದುರ್ಬೀನಿಗೆ ಕಣ್ಣಿಟ್ಟು ನೋಡುವ ಐಪೀಸ್, ಅದರ ಕೆಳಗೆ ಚಿತ್ರ ಬರೆದ ಒಂದು ವಹಿ. ಕೂಡಲೇ ತಪಕೀರಿನ ವಾಸನೆ ಬಂತು. ಸರ್ ಏರಿಸುತ್ತಿದ್ದ ನಶ್ಯ, ನಿಪ್ಪಾಣಿಯ ತಪಕೀರು. ಮನುಷ್ಯ ಹೋಗಿ ಎಷ್ಟೋ ವರ್ಷವಾಯಿತು, ವಾಸನೆ ಹೋಗಿಲ್ಲ. ನನ್ನ ಸಿಟ್ಟೂ ಹೋಗಿಲ್ಲ.

“ಟ್ರಂಕಿನ್ಯಾಗ ಇತ್ರಿ ಕಾಕಾ. ನಿಮಗ ಕೊಡಬೇಕ ಅನಸ್ತು,” ಎಂದಳು.

ಅದು ತೊಂಬತ್ತರ ದಶಕದ ಆರಂಭ. ರಾಯಬಾಗದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತಕ್ಕೆ, ಅವರು ವಿಜ್ಞಾನಕ್ಕೆ. ಅವರು ನನಗಿಂತ ಬಹಳ ಹಿರಿಯರು. ಇಬ್ಬರೂ ಎರಡು ಬೇಸಿಗೆ ಕೂತು, ಎಂಟು ಇಂಚಿನ ಗಾಜು ಉಜ್ಜಿ ದುರ್ಬೀನು ಮಾಡಿದ್ದೆವು. ಸಂಜೆ ಏಳೂವರೆಗೆ ಶಾಲೆಯ ಮಾಳಿಗೆ ಹತ್ತುವುದು, ಗೊತ್ತುಮಾಡಿದ ಹದಿನಾಲ್ಕು ಗೆಲಾಕ್ಸಿಗಳನ್ನು ಅದೇ ಕ್ರಮದಲ್ಲಿ ನೋಡಿ ಚಿತ್ರ ಬರೆಯುವುದು, ಒಂಬತ್ತೂವರೆಗೆ ಇಳಿಯುವುದು. ನೋಡುತ್ತಿದ್ದವನು ನಾನೊಬ್ಬನೇ. ಸರ್ ಅವರ ಕಣ್ಣಿಗೆ ಪೊರೆ ಬಂದಿತ್ತು, ಮಂದ ಚುಕ್ಕೆಗಳು ಕಾಣುತ್ತಿರಲಿಲ್ಲ. ಅದನ್ನು ನನಗೊಬ್ಬನಿಗೇ ಹೇಳಿದ್ದರು. ನಾನು ಯಾರಿಗೂ ಹೇಳಲಿಲ್ಲ...

ನಮ್ಮ ದುರ್ಬೀನು ಎಲ್ಲವನ್ನೂ ತಲೆಕೆಳಗು ತೋರಿಸುತ್ತಿತ್ತು. ರಾತ್ರಿ ಕಂಡಂತೆಯೇ ಕಚ್ಚಾ ಚಿತ್ರ ಬರೆದು, ಬೆಳಿಗ್ಗೆ ಅದನ್ನು ನೆಟ್ಟಗೆ ತಿರುಗಿಸಿ, ದಿಕ್ಕು ಗುರುತಿಸಿ ಪಕ್ಕಾ ವಹಿಗೆ ಇಳಿಸುವುದು ನನ್ನ ಪದ್ಧತಿ. ಅದನ್ನು ಮನೆಯಲ್ಲಿ ಮಾಡುತ್ತಿದ್ದೆ; ಸರ್ ಎಂದೂ ನೋಡಿರಲಿಲ್ಲ.

ಒಂದು ಸಂಜೆ ಸಿಂಹರಾಶಿಯ ಗೆಲಾಕ್ಸಿಯೊಂದರ ಅಂಚಿನಲ್ಲಿ ಹಿಂದೆಂದೂ ಇರದ ಚುಕ್ಕೆ ಕಂಡಿತು. ಟಾರ್ಚ್ ಹಿಡಿದು ಹಳೆಯ ಚಿತ್ರಗಳನ್ನೆಲ್ಲ ನೋಡಿದೆ. ಯಾವುದರಲ್ಲೂ ಇರಲಿಲ್ಲ. ಸೂಪರ್ನೋವಾ ಇರಬಹುದು; ದೂರದಲ್ಲೆಲ್ಲೋ ನಕ್ಷತ್ರವೊಂದು ಸಿಡಿದು ಸತ್ತಿರಬಹುದು. ಬೆಳಿಗ್ಗೆಯೇ ವೀಕ್ಷಣಾಲಯಕ್ಕೆ ತಂತಿ ಕೊಡೋಣ ಎಂದೆ.

“ಗಡಬಡ ಮಾಡಬ್ಯಾಡ್ರಿ ಮಾಸ್ತರ,” ಎಂದರು ಸರ್, ತಪಕೀರು ಏರಿಸುತ್ತ. “ನಾಳೆನೂ ಅಲ್ಲೇ ಇದ್ರ ಹೊಸಾ ನಕ್ಷತ್ರ. ಸರದಿತ್ತಂದ್ರ ಯಾವದೋ ಸಣ್ಣ ಗ್ರಹ. ಎರಡನೇ ರಾತ್ರಿ ತನಕಾ ಹೇಣ್ತಿ ಮುಂದೂ ಬಾಯಿ ಬಿಡಬಾರದು.”

ಬಿಡಲಿಲ್ಲ. ಆ ರಾತ್ರಿ ಕಚ್ಚಾ ವಹಿಯನ್ನು ಅವರೇ ಮನೆಗೊಯ್ದರು. ಮರುದಿನ ಏಕಸಂಬಿಯಲ್ಲಿ ಕೆಲಸವಿದೆಯೆಂದು ರಜೆ ಹಾಕಿದರು. ಸಂಜೆ ನಾನೊಬ್ಬನೇ ಮಾಳಿಗೆ ಹತ್ತಿದೆ. ಚುಕ್ಕೆ ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ವೀಕ್ಷಣಾಲಯಕ್ಕೆ ತಂತಿ ಕೊಡಲು ಇಬ್ಬರ ಹೆಸರೂ ಬರೆದ ಫಾರ್ಮು ಹಿಡಿದು ತಂತಿ ಆಫೀಸಿನಲ್ಲಿ ನಿಂತೆ. ಗುಮಾಸ್ತ ನಕ್ಕ.

“ಏನ್ರಿ ಮಾಸ್ತರ, ಒಂದ ಚುಕ್ಕಿಗೆ ಎಷ್ಟ ಮಂದಿ ತಂತಿ ಹೊಡೀತೀರಿ? ನಿಮ್ಮ ಸರ್ ನಿನ್ನೆ ಮುಂಜಾನೆನ ಹೊಡದ ಹೋಗ್ಯಾರಲ್ಲ!”

ಅವರ ಫಾರ್ಮು ತೋರಿಸಿದ. ಕಂಡವರು: ಅವರೊಬ್ಬರೇ. ಜಾಗ: ಗೆಲಾಕ್ಸಿಯ ನಡುವಿನಿಂದ ಈಶಾನ್ಯಕ್ಕೆ.

ಚುಕ್ಕೆ ಇದ್ದದ್ದು ನೈಋತ್ಯಕ್ಕೆ. ಅಲ್ಲೇ ನಿಂತು ಅರ್ಥಮಾಡಿಕೊಂಡೆ. ನನ್ನ ಕಚ್ಚಾ ಪುಟವೂ ಅಚ್ಚುಕಟ್ಟಾಗಿರುತ್ತಿತ್ತು. ಅದನ್ನೇ ಅವರು ನೆಟ್ಟಗೆ ತಿರುಗಿಸಿದ ಪಕ್ಕಾ ಚಿತ್ರವೆಂದು ತಿಳಿದಿದ್ದರು.

ತಿದ್ದಿ ತಂತಿ ಕೊಡಬಹುದಿತ್ತು. ಕೊಟ್ಟಿದ್ದರೆ ಕಂಡವರು ಅವರಾಗುತ್ತಿದ್ದರು, ನಾನು ತಿದ್ದಿದವ. ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟೆ. ಎರಡನೆಯ ಪೀರಿಯಡ್ಡಿಗೆ ಸರಿಯಾಗಿ ತರಗತಿಯಲ್ಲಿದ್ದೆ.

ಸರ್ ಅವರ ತಂತಿಗೆ ವೀಕ್ಷಣಾಲಯದಿಂದ ಉತ್ತರ ಬಂತು: ತಾವು ಹೇಳಿದ ಜಾಗದಲ್ಲಿರುವುದು ಹಳೆಯ ನಕ್ಷತ್ರ, ನಕ್ಷೆಗಳಲ್ಲೂ ಇದೆ. ಸ್ಟಾಫ್ ರೂಮಿನಲ್ಲಿ ಅದನ್ನು ಓದಿದವರು ಚಿತ್ರಕಲೆಯ ಮಾಸ್ತರು. “ಸರ್, ನಿಮ್ಮ ಚುಕ್ಕಿ ಏಕಸಂಬಿ ಬಸ್ ಹತ್ತಿ ಹೋಗಿರಬೇಕ ನೋಡ್ರಿ!” ಎಲ್ಲರೂ ನಕ್ಕರು.

ಸರ್ ನನ್ನ ಕಡೆ ತಿರುಗಿದರು. “ಖರೇ ಹೇಳ್ರಿ ಮಾಸ್ತರ. ಎಲ್ಲಿ ಇತ್ತು?”

“ನನ್ನೇನ ಕೇಳ್ತೀರಿ ಸರ್? ನಿಮ್ಮ ಕಣ್ಣಿಲೆ ನೀವ ಕಂಡಿದ್ದಲ್ರಿ? ತಂತಿಯೊಳಗ ಹಂಗ ಬರದೀರಿ.”

ಪೊರೆಯ ವಿಷಯ ಅಷ್ಟು ಜನರೆದುರು ಅವರು ಹೇಳಲಾರರು. ನನಗದು ಗೊತ್ತಿತ್ತು. ಅವರಿಗೂ...

ಮುಂದಿನ ವಾರ ಬೇರೆ ದೇಶದವರೊಬ್ಬರು ಅದೇ ಗೆಲಾಕ್ಸಿಯಲ್ಲಿ ಸೂಪರ್ನೋವಾ ಕಂಡರೆಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಯಾವ ಮಗ್ಗುಲಲ್ಲಿ ಎಂದು ಬರೆದಿರಲಿಲ್ಲ. ನಾವು ಮಾಳಿಗೆ ಹತ್ತುವುದು ನಿಂತಿತು.

ಮಗಳು ತಂದ ವಹಿಯ ಮೊದಲ ಪುಟಕ್ಕೆ ಸರ್ ನನ್ನ ಕಚ್ಚಾ ಚಿತ್ರವನ್ನು ಅಂಟಿಸಿದ್ದರು. ಮುಂದೆ ಪುಟಕ್ಕೊಂದರಂತೆ ಅದೇ ಗೆಲಾಕ್ಸಿ, ಕಣ್ಣಿನ ಆಪರೇಷನ್ ಆದ ಮೇಲೆ ಅವರು ಒಬ್ಬರೇ ನೋಡಿ ಬರೆದದ್ದು. ಪ್ರತಿ ಪುಟದಲ್ಲೂ ಈಶಾನ್ಯಕ್ಕೆ ಅದೇ ಹಳೆಯ ನಕ್ಷತ್ರ, ಪಕ್ಕದಲ್ಲಿ ಒಂದೇ ಮಾತು: ಎಲ್ಲಿ ತಪ್ಪಿತು?

“ಅಪ್ಪಾ ಕೊನೀತನಕಾ ಇದನ್ನ ಕೇಳತಿದ್ರು. ಎಲ್ಲಿ ತಪ್ಪಿತ್ರಿ ಕಾಕಾ?”

“ಚಾ ಆರತೈತಿ, ಕುಡಿಯವಾ,” ಎಂದೆ.

ಹನ್ನೆರಡರ ಬಸ್ಸಿಗೆ ಆಕೆಯನ್ನು ಹತ್ತಿಸಿ ಬಂದೆ. ಮರುಗಿದೆನೇ? ಇಲ್ಲ. ಆದರೆ ಅವರು ಕೇಳಿದ ಆ ದಿನ ನಾನು ಬಾಯಿ ಮುಚ್ಚಿ ಕೊಂದದ್ದರಲ್ಲಿ ನನ್ನ ನಕ್ಷತ್ರವೂ ಇತ್ತು. ಇಡೀ ಜನ್ಮದಲ್ಲಿ ನನಗೆ ಸಿಕ್ಕದ್ದು ಅದೊಂದೇ.

ರಾತ್ರಿ ಊಟವಾದ ಮೇಲೆ ವಹಿ ತೆರೆದೆ. ನನ್ನ ಕಚ್ಚಾ ಪುಟವನ್ನು ತಲೆಕೆಳಗು ತಿರುಗಿಸಿ, ಎದುರಿನ ಪುಟದಲ್ಲಿ ಪಕ್ಕಾ ಚಿತ್ರ ಬರೆದೆ. ನಾಲ್ಕು ದಿಕ್ಕು ಗುರುತಿಸಿ, ಚುಕ್ಕೆಯ ಪಕ್ಕ ‘ನೈಋತ್ಯ’ ಎಂದು ಬರೆದೆ. ನೋಡಬೇಕಾದವರು ಇರಲಿಲ್ಲ. ಒಂಬತ್ತೂವರೆಗೆ ಪೆನ್ನಿನ ಕ್ಯಾಪು ಹಾಕಿದೆ.