ಫಟಫಟಿಯ ಎಣ್ಣೆಗೆ ಮೊಹರು ಬಿದ್ದದ್ದು

ಗುಂಜಹಳ್ಳಿಯ ಹುಲಿಗೆಪ್ಪ ರಾಯಚೂರಿನ ಹತ್ತಿ ಕಾರ್ಖಾನೆಯ ಯಂತ್ರಗಳಿಗೆ ಹನ್ನೆರಡು ವರ್ಷ ಎಣ್ಣೆ ಬಿಟ್ಟವನು. ಎಣ್ಣೆಯಲ್ಲಿ ಬೆರಳು ಅದ್ದಿ ಅದರ ಜಾತಕ ಹೇಳುವ ಮನುಷ್ಯ. ಹತ್ತಿಯ ಧೂಳು ಎದೆಯಲ್ಲಿ ಕೂತು ಕೆಮ್ಮು ಹಿಡಿದಾಗ, ಎರಡನೇ ಮಹಾಯುದ್ಧದ ಆ ದಿನಗಳಲ್ಲಿ, ಅವನಿಗೆ ಸರ್ಕಾರಿ ಚಾಕರಿ ಸಿಕ್ಕಿತು. ಚಾಕರಿ ಅಂದರೆ ಒಂದು ಫಟಫಟಿಯ ಚಾಕರಿ.

ಹೆಂಡದ ಪೀಪಾಯಿಗಳಿಗೆ ಮೊಹರು ಹಾಕುವ ಇಲಾಖೆಯೊಂದಿತ್ತು. ಅದರ ಸಾಹೇಬರಾದ ವೆಂಕೋಬರಾಯರು ದೇವದುರ್ಗ, ಮಾನ್ವಿ ಎಂದು ಸುತ್ತುತ್ತಿದ್ದುದು ಈ ವಿಲಾಯಿತಿ ಮೋಟಾರ್ ಸೈಕಲ್ಲಿನ ಮೇಲೆ. ಗಾಡಿಗೆ ಇಪ್ಪತ್ತು ವರ್ಷ ತುಂಬಿತ್ತು. ಹುಲಿಗೆಪ್ಪನ ನೌಕರಿ ಮಾತ್ರ ಹಂಗಾಮಿ. ಕಾಯಂ ಮಾಡಿರೆಂಬ ಅವನ ಅರ್ಜಿ ಎಂಟು ತಿಂಗಳಿಂದ ಸಾಹೇಬರ ಮೇಜಿನ ಮೇಲೆ ಸುಖವಾಗಿ ಮಲಗಿತ್ತು. ಅದು ಏಳದಿದ್ದರೆ ಮತ್ತೆ ಹತ್ತಿಯ ಧೂಳೇ ಗತಿ.

ಪ್ರತಿ ಸೋಮವಾರ ಅವನು ಗಾಡಿಯನ್ನು ತುಸು ಓಡಿಸಿ ಬಿಸಿ ಮಾಡಿ, ಕಚೇರಿಯ ಕಟ್ಟೆಯ ಮುಂದೆ ನೆಟ್ಟಗೆ ನಿಲ್ಲಿಸುವನು. ನೆಲ ಸಮ ಇದೆಯೋ ಎಂದು ತಟ್ಟೆಯಲ್ಲಿ ನೀರಿಟ್ಟು ನೋಡುವನು. ಒಳಗಿನ ಎಣ್ಣೆ ಕೆಳಗಿಳಿಯಲೆಂದು ಎಲೆಅಡಿಕೆ ಹಾಕಿಕೊಂಡು ಕೂರುವನು. ಆಮೇಲೆ ಗೇರ್ ಬಾಕ್ಸಿನ ಪಕ್ಕದ ಸಣ್ಣ ಬೋಲ್ಟು ಬಿಚ್ಚುವನು. ನಾಲ್ಕು ಹನಿ ತೊಟ್ಟಿಕ್ಕಿ ನಿಂತರೆ ಎಣ್ಣೆ ಸರಿಯಿದೆ. ಏನೂ ಬರದಿದ್ದರೆ ಕಡಿಮೆ, ಧಾರೆ ಕಟ್ಟಿದರೆ ಹೆಚ್ಚು. ಕ್ಲಚ್ಚಿನ ಡಬ್ಬಿಗೂ ಇದೇ ಉಪಚಾರ.

ಒಂದು ಸೋಮವಾರ ಆ ನಾಲ್ಕು ಹನಿ ಸಾಹೇಬರ ಕಣ್ಣಿಗೆ ಬಿದ್ದವು.

"ಏನಪಾ, ಸರ್ಕಾರದ ಎಣ್ಣಿ ನೆಲಕ್ಕ ಸುರುವಾಕತ್ತೀಯಲ್ಲ."

"ಸುರುವಾಕತ್ತಿಲ್ರಿ ಸಾಹೇಬ್ರ. ಅಳತಿ ನೋಡಾಕತ್ತೀನ್ರಿ."

"ಪೀಪಾಯಿ ಕಳ್ಳರೂ ಹಿಂಗ ಹೇಳತಾರ. ಇವತ್ತಿಂದ ಎರಡೂ ಡಬ್ಬಿ ಕಂಠಮಟ ತುಂಬಿಸು. ಬೋಲ್ಟಿಗೆ ಮೊಹರು ಬೀಳಲಿ."

"ಹಂಗ ತುಂಬಿಸಬಾರದ್ರಿ. ಎಣ್ಣಿ ಹೆಚ್ಚಾದ್ರ ಕ್ಲಚ್ ಜಾರತದ. ಇಂಜಿನ್ ಒದರತದ, ಗಾಡಿ ಮುಂದ ಹೋಗಂಗಿಲ್ಲ."

"ನಿನ್ನ ಅರ್ಜಿ ನನ್ನ ಮ್ಯಾಜಿನ ಮ್ಯಾಲ ಅದ. ಗೊತ್ತದ ಇಲ್ಲೋ?"

ಗೊತ್ತಿತ್ತು. ಹುಲಿಗೆಪ್ಪ ಎರಡನ್ನೂ ತುಂಬಿಸಿದ. ಸಾಹೇಬರು ಅರಗು ಕಾಯಿಸಿ ಎರಡೂ ಬೋಲ್ಟುಗಳ ಮೇಲೆ ಸ್ವಂತ ಕೈಯಿಂದ ಸರ್ಕಾರಿ ಮುದ್ರೆ ಒತ್ತಿದರು. ಇಷ್ಟು ಭದ್ರವಾದ ಫಟಫಟಿ ಇಡೀ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ದೇವದುರ್ಗದ ಮೊದಲ ಸವಾರಿಯಲ್ಲೇ ಅದು ಗೊಣಗಿದಾಗ ಸಾಹೇಬರು ಪೆಟ್ರೋಲನ್ನು ಬೈದರು.

ಅದೇ ವಾರ ಹೈದರಾಬಾದಿನ ಮೇಲಧಿಕಾರಿಗಳು ಮಾನ್ವಿಗೆ ಬಂದಿಳಿದರು. ಹತ್ತು ಗಂಟೆಗೆ ಹಾಜರಾಗಬೇಕೆಂದು ಕರೆ ಬಂತು. ಸಾಹೇಬರು ಹುಲಿಗೆಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟರು. ನೀರಮಾನ್ವಿಯ ಹತ್ತಿರದ ಏರಿನಲ್ಲಿ ಇಂಜಿನ್ ಊರಿಗೆಲ್ಲ ಕೇಳುವಂತೆ ಒದರಿತು, ಗಾಡಿ ಮಾತ್ರ ನಿಂತಲ್ಲೇ ನಿಂತಿತು.

"ಕ್ಲಚ್ ಜಾರಾಕತ್ತದ್ರಿ. ಬೋಲ್ಟು ಬಿಚ್ಚಿ ಎಣ್ಣಿ ಇಳಿಸಿ, ಪ್ಲೇಟು ತೊಳದ್ರ ಅರ್ಧ ತಾಸಿನ ಕೆಲಸ," ಎಂದು ಹುಲಿಗೆಪ್ಪ ಬೋಲ್ಟು ತಿರುಗಿಸುವ ಪಾನಾ ತೆಗೆದ.

"ಮೊಹರು ಮುಟ್ಟಬ್ಯಾಡ," ಎಂದು ಸಾಹೇಬರು ಅವನ ಕೈ ಹಿಡಿದರು. ಮೊಹರು ಒಡೆದ ಮೂವರನ್ನು ಅವರೇ ಜೈಲಿಗೆ ಕಳಿಸಿದ್ದರು. ಪಂಚರ ಎದುರು ಪಂಚನಾಮೆ ಬರೆಯದೆ ಸರ್ಕಾರಿ ಮೊಹರನ್ನು ಯಾರೂ ಒಡೆಯುವಂತಿಲ್ಲ, ಹಾಕಿದವನೂ ಸಹ.

ಅಂತೂ ದಾರಿಯಲ್ಲಿ ಇಬ್ಬರು ಪಂಚರು ಸಿಕ್ಕರು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮಲ್ಲಯ್ಯ ಒಬ್ಬ, ಮೆಣಸಿನಕಾಯಿ ಬುಟ್ಟಿ ಹೊತ್ತ ಬಡೇಬೀ ಇನ್ನೊಬ್ಬಳು. ಸಾಹೇಬರು ಗಾಡಿಯ ಟ್ಯಾಂಕಿನ ಮೇಲೆ ಕಾಗದ ಹರಡಿ ಉರ್ದುವಿನಲ್ಲಿ ಬರೆಯತೊಡಗಿದರು. ಮೊಹರು ಒಡೆದು ಅರಗಿನ ಚೂರುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿದರು. ಹುಲಿಗೆಪ್ಪ ಬೋಲ್ಟು ಬಿಚ್ಚಿದ್ದೇ ತಡ, ಎಣ್ಣೆ ಧಾರೆಧಾರೆಯಾಗಿ ಹರಿಯಿತು.

"ನಮಗ ದೀಪಕ್ಕ ಸಿಗವಲ್ದು, ಇದಕ್ಕ ಇಷ್ಟೊಂದು ಯಾರು ಹಾಕ್ಯಾರಪ್ಪಾ?" ಎಂದಳು ಬಡೇಬೀ.

ಪಂಚನಾಮೆಗೆ ಬೇಕಾದದ್ದೂ ಅದೇ ಹೆಸರು. ಸಾಹೇಬರು ಹುಲಿಗೆಪ್ಪನ ಕಡೆ ನೋಡಿದರು. "ಮಿಸ್ತ್ರಿ ಗಲತಿ ಅಂತ ಬರೀತೀನಿ. ಹೆಬ್ಬಟ್ಟು ಒತ್ತು."

ಹುಲಿಗೆಪ್ಪ ಪಾನಾ ನೆಲಕ್ಕಿಟ್ಟ. ಕ್ಲಚ್ಚಿನ ಪ್ಲೇಟು ಇನ್ನೂ ತೊಳೆದಿರಲಿಲ್ಲ. "ಎಣ್ಣಿ ಅಳತಿ ತಿಳೀದವ ಅಂತ ಬರದ್ರ ನನ್ನ ಯಾರು ಕಾಯಂ ಮಾಡತಾರ್ರಿ? ಒತ್ತಂಗಿಲ್ರಿ."

ಸಾಹೇಬರು ಗಡಿಯಾರ ನೋಡಿಕೊಂಡರು. ಒಂಬತ್ತು ದಾಟಿತ್ತು. ತಪ್ಪು ತಮ್ಮದಾಗಬಾರದು, ಇವನು ಹೊರುವುದಿಲ್ಲ, ಪಂಚರದಂತೂ ಅಲ್ಲ. ಕೊನೆಗೆ ಅಲ್ಲಿ ಉಳಿದದ್ದು ಎಣ್ಣೆಯೊಂದೇ.

"ಬಿಸಿಲಿನ ತಾಪಕ್ಕ ಎಣ್ಣಿ ತಾನಾಗೇ ಹೆಚ್ಚಾತು ಅಂತ ಬರೀತೀನಿ. ಅನುಭವಸ್ಥ ಮಿಸ್ತ್ರಿ ಅಂತ ನಿನ್ನ ಹೆಸರು ಹಾಕತೀನಿ. ಸಂಜಿಗೇ ನಿನ್ನ ಅರ್ಜಿಗೆ ಸಹಿ ಮಾಡತೀನಿ. ಆತೇನು?"

ಅಂಥ ಎಣ್ಣೆಯನ್ನು ಹುಲಿಗೆಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೆ ಕಾರ್ಖಾನೆಯ ಧೂಳು ಕಣ್ಣ ಮುಂದೆ ಬಂತು. ಹೆಬ್ಬೆರಳನ್ನು ಚಡ್ಡಿಗೆ ಒರೆಸಿಕೊಂಡು ಒತ್ತಿದ. ಪ್ಲೇಟು ತೊಳೆದ ಮೇಲೆ ಗಾಡಿ ಹೂವಿನಂತೆ ಏರು ಹತ್ತಿತು.

ಮಾನ್ವಿಯಲ್ಲಿ ಮೇಲಧಿಕಾರಿಗಳು ಪಂಚನಾಮೆಯನ್ನು ಎರಡು ಸಲ ಓದಿದರು. ಯುದ್ಧಕಾಲದ ಪೆಟ್ರೋಲ್ ಉಳಿಸಲು ಅವರಿಗೂ ಒಂದು ನೆಪ ಬೇಕಾಗಿತ್ತು. ಸಾಹೇಬರು ಮಾತಿಗೆ ತಪ್ಪದೆ ಅರ್ಜಿಗೆ ಸಹಿ ಮಾಡಿ ಮೇಲೆ ಕಳಿಸಿದರು. ವಾರದೊಳಗೆ ಹುಕುಂ ಬಂತು. ಎಣ್ಣೆ ತಾನಾಗಿ ಹೆಚ್ಚುವ ಗಾಡಿ ನೌಕರರ ಪ್ರಾಣಕ್ಕೆ ಅಪಾಯವೆಂದು ಅನುಭವಸ್ಥ ಮಿಸ್ತ್ರಿಯೇ ಒಪ್ಪಿರುವುದರಿಂದ ಗಾಡಿಯನ್ನು ಹರಾಜು ಹಾಕತಕ್ಕದ್ದು. ಸಾಹೇಬರಿಗೆ ಕುದುರೆ ಕೊಡತಕ್ಕದ್ದು. ಕುದುರೆಗೆ ಮಿಸ್ತ್ರಿ ಬೇಡವಾದ ಕಾರಣ ಆ ಜಾಗ ರದ್ದು.

ಹುಲಿಗೆಪ್ಪ ಮನೆಗೆ ಬಂದು ಹೆಂಡತಿ ಮಾನಮ್ಮನ ಮುಂದೆ ಎಲ್ಲವನ್ನೂ ಹೇಳಿದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಎಣ್ಣಿ ತಾನಾಗೇ ಹೆಚ್ಚಾತು ಅಂದದ್ದಕ್ಕ ನೀನು ಹೆಬ್ಬಟ್ಟು ಒತ್ತಿದಿಯೇನು?" ಎಂದು ಅವಳು ಕೇಳಿದಳು.

"ಒತ್ತಿದೆ."

ಮಾನಮ್ಮ ಬೈಯಲಿಲ್ಲ. "ನಿನಗ ಚಲೋ ಬರತಿದ್ದದ್ದು ಆ ಎಣ್ಣಿ ಅಳತಿ ಒಂದೇ," ಎಂದಳು.