ತಾಡಪತ್ರಿಯ ಪಕ್ಕದ ಭತ್ತ

ಹೋದ ವರ್ಷ ಬೇಸಿಗೆ ಬೆಳೆಯ ಕೊಯ್ಲು ಮುಗಿಯುತ್ತಿದ್ದಾಗ, ಒಂದು ಮಧ್ಯಾಹ್ನ, ನಾನು ರಾಯಚೂರಿನ ಅಕ್ಕಿ ಗಿರಣಿಯೊಂದರ ಪರೀಕ್ಷಾ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಪರೀಕ್ಷೆಯ ಚಿಕ್ಕ ಯಂತ್ರ, ಹೊರಗೆ ಭತ್ತ ಒಣಗಿಸುವ ಸಿಮೆಂಟಿನ ಅಂಗಳ. ಎರಡೂ ನನಗೆ ಕಾಣುತ್ತಿದ್ದವು.

ಆ ಯಂತ್ರ ನಡೆಸುವುದು ನನ್ನ ಕೆಲಸ. ಹೊಸ ತಳಿಯ ಭತ್ತ ಬಂದರೆ ಸ್ವಲ್ಪ ತೂಗಿ, ಹೊಟ್ಟು ತೆಗೆದು, ಪಾಲಿಶ್ ಮಾಡಿ, ಇಡೀ ಅಕ್ಕಿಯನ್ನೂ ನುಚ್ಚನ್ನೂ ಬೇರೆ ಮಾಡುತ್ತೇನೆ. ನುಚ್ಚು ಹೆಚ್ಚಾದರೆ ಆ ತಳಿಯನ್ನು ಕೈಬಿಡುತ್ತಾರೆ.

ಅಂದು ಬೀಜದ ಕಂಪನಿಯ ಪರೀಕ್ಷಕ ಬಂದಿದ್ದ. ಮಾನ್ವಿಯಿಂದ ಬಂದ ತಳಿ ನೆರಳಲ್ಲಿ ಒಣಗಿತ್ತು, ಚೆನ್ನಾಗಿಯೇ ಬಂತು. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯ ರೈತ ತಂದದ್ದು ಇನ್ನೊಂದು ತಳಿ, ಇನ್ನೂ ಹಸಿ. ಗಾಳಿಗೆ ಪೈರು ಮಲಗಲಿಲ್ಲವೆಂದು ಆತನಿಗೆ ಅದರ ಮೇಲೆ ಜೀವ. ಬೆಳೆದದ್ದನ್ನೆಲ್ಲ ಕಂಪನಿಗೆ ಒಪ್ಪಿಸಬೇಕಿತ್ತು; ತಳಿ ಪಾಸಾದರಷ್ಟೇ ಆತನಿಗೆ ಮತ್ತೆ ಬೀಜ.

ಪರೀಕ್ಷಕ ಆ ಹಸಿ ಭತ್ತವನ್ನು ಕಾದ ಸಿಮೆಂಟಿನ ಮೇಲೆ ಹರವಿಸಿದ. ಪಕ್ಕದಲ್ಲೇ ಮಾಲೀಕರ ಸ್ವಂತ ಭತ್ತವಿತ್ತು. ಹೊತ್ತು ಏರುತ್ತಲೇ ಬಿಸಿಲು ತಾಗದಂತೆ ಅದರ ಮೇಲೆ ತಾಡಪತ್ರಿ ಎಳೆಸಿದ್ದರು. ಉರಿಬಿಸಿಲಿಗೆ ಕಾಳು ಒಳಗೇ ಸೀಳಿ, ಯಂತ್ರದಲ್ಲಿ ನುಚ್ಚಾಗುತ್ತದೆಂದು ಇಲ್ಲಿ ಎಲ್ಲರಿಗೂ ಗೊತ್ತು.

ಭತ್ತ ಹರವಿದ ಹೆಂಗಸು ಕೇಳಿದಳು: “ಇದ್ರ ಮ್ಯಾಲೂ ತಾಡಪತ್ರಿ ಎಳೀಲೇನ್ರಿ?”

“ಬ್ಯಾಡ. ಲಗೂನ ಒಣಗ್ಲಿ, ಸಂಜಿಗಿ ನನ್ನ ರೈಲು ಅದ.”

“ಸಾಹೇಬ್ರ, ಕಾಳು ಸೀಳ್ತಾವ್ರಿ,” ಎಂದೆ.

“ಮತ್ತ ಫ್ರಿಜ್‌ನಾಗ ಇಡಬೇಕೇನ್ರಿ ಭತ್ತಾನ?” ಎಂದು ಅಲ್ಲೇ ನಿಂತಿದ್ದ ಮಾಲೀಕರು ನಕ್ಕರು.

ರೈತ ನಗಲಿಲ್ಲ. “ನಾಕ್ ದಿನ ನೆರಳಾಗ ಇಡ್ರಿ ಯಪ್ಪಾ. ನಾನ ಕಾಯ್ತೀನಿ.”

“ನಿನ್ನ ಭತ್ತದ ಸಲುವಾಗಿ ರೈಲು ಕಾಯಂಗಿಲ್ಲೋ,” ಎಂದ ಪರೀಕ್ಷಕ.

ಭತ್ತ ಒಣಗುತ್ತಲೇ, ಬಿಸಿ ಆರುವ ಮೊದಲೇ ಯಂತ್ರಕ್ಕೆ ಹಾಕಿಸಿದ. ತಟ್ಟೆಯಲ್ಲಿ ಇಡೀ ಅಕ್ಕಿಗಿಂತ ನುಚ್ಚೇ ಹೆಚ್ಚು. “ಮುರಿಯೋ ತಳಿ,” ಎಂದು ಎದ್ದು ಹೋದ.

ಚೀಲದ ತಳದಲ್ಲಿ ಒಂದಿಷ್ಟು ಹಸಿ ಭತ್ತ ಉಳಿದಿತ್ತು. ಅದನ್ನು ಕೋಣೆಯ ನೆರಳಲ್ಲೇ ನಿಧಾನವಾಗಿ ಒಣಗಿಸಿ ಅದೇ ಯಂತ್ರಕ್ಕೆ ಹಾಕಿದೆ. ನುಚ್ಚು ಒಂದು ಹಿಡಿಯೂ ಇರಲಿಲ್ಲ. ಪರೀಕ್ಷಕನಿಗೆ ಫೋನ್ ಮಾಡಿ ಹೇಳಿದರೆ, “ಪರೀಕ್ಷೆ ಒಂದ ಸಲರೀ,” ಎಂದ. ಆತ ಪರೀಕ್ಷೆ ಮಾಡಿದ್ದು ತಳಿಯನ್ನಲ್ಲ, ನಮ್ಮ ಅಂಗಳದ ಬಿಸಿಲನ್ನು. ಮಾಲೀಕರು ತಮ್ಮ ಭತ್ತಕ್ಕೆ ತೋರಿದ ಕಾಳಜಿಯಲ್ಲಿ ಒಂದು ಅಂಗೈಯಗಲ ತಾಡಪತ್ರಿಯೂ ಇದಕ್ಕೆ ಸಿಗಲಿಲ್ಲ.

ಈ ಹಂಗಾಮಿಗೆ ರೈತ ಬೀಜ ಕೇಳಿದ್ದಕ್ಕೆ, ಆ ತಳಿ ಬಿಟ್ಟಾಯಿತು ಎಂದರಂತೆ ಕಂಪನಿಯವರು. ಆತ ಗೂಗಲ್ಲಿನಲ್ಲಿದ್ದಾನೆ. ಭತ್ತ ಹರವಿದ ಹೆಂಗಸು ಮಟಮಾರಿಯವಳು, ಈಗಲೂ ಇದೇ ಅಂಗಳಕ್ಕೆ ಬರುತ್ತಾಳೆ. ಮಾಲೀಕರೂ ಇದ್ದಾರೆ. ನೋಡಿದವರು ನಾವೇ, ಯಾರನ್ನು ಬೇಕಾದರೂ ಕೇಳಿ.