ಸತ್ತ ಬೆಕ್ಕು ತಿಂದವನು

ಎಪ್ಪತ್ತರ ದಶಕದ ಆರಂಭದಲ್ಲಿ ಡೆಟ್ರಾಯಿಟ್‌ನ ಒಂದು ಕಾರ್ಖಾನೆಯಲ್ಲಿ ನಾನು ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಬರೆಯುತ್ತಿದ್ದೆ. ವಸ್ತುವಿನ ಬಲಮಗ್ಗುಲಿನ ನೋಟವನ್ನು ಹಾಳೆಯ ಎಡಕ್ಕೆ ಬರೆಯುವುದು ನಾನು ಮೈಸೂರಿನಲ್ಲಿ ಕಲಿತ ಪದ್ಧತಿ. ಅಮೆರಿಕದವರು ಬಲಕ್ಕೇ ಬರೆಯುತ್ತಾರೆ. ಒಮ್ಮೆ ಕೈ ಹಳೆಯ ಅಭ್ಯಾಸಕ್ಕೆ ಹೊರಳಿತು. ತೂತು ತಪ್ಪು ಬದಿಗೆ ಬಿದ್ದು, ತಯಾರಾದ ಭಾಗಗಳೆಲ್ಲ ಗುಜರಿಗೆ ಹೋದವು.

ಅದು ಪಕ್ಕದ ಮೇಜಿನ ಹಾಂಗ್‌ಕಾಂಗಿನವನ ಡ್ರಾಯಿಂಗ್ ಎಂದುಕೊಂಡ ಮೇಲಧಿಕಾರಿ ಎಲ್ಲರೆದುರೇ ಅವನನ್ನು ಬೈದ. ಅವನು ಹಾಳೆಯನ್ನು ನೋಡಿದ, ನನ್ನನ್ನು ನೋಡಿದ, "ತಿದ್ದಿಕೊಡ್ತೀನಿ" ಎಂದ. ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ.

ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತ ಅವನು, "ಇವತ್ತು ಸತ್ತ ಬೆಕ್ಕು ತಿಂದೆ" ಎಂದ. ಇನ್ನೊಬ್ಬರ ತಪ್ಪನ್ನು ತಲೆಗೆ ಕಟ್ಟಿಸಿಕೊಂಡು ಸುಮ್ಮನಿದ್ದವನ ಬಗ್ಗೆ ಕ್ಯಾಂಟನೀಸ್‌ನಲ್ಲಿ ಹಾಗೆನ್ನುತ್ತಾರಂತೆ. ಉಚ್ಚಾರ ಸರಿಯಾಗುವ ತನಕ ಅದನ್ನು ನನ್ನ ಬಾಯಿಂದ ಹೇಳಿಸಿದ.

ಮುಂದೆ ಫಾರ್ಮಿಂಗ್ಟನ್ ಹಿಲ್ಸ್‌ನ ಕನ್ನಡದವರ ಮನೆಗಳಲ್ಲಿ ಅವನ ಕಥೆಯೊಂದಿಗೆ ಈ ನುಡಿಗಟ್ಟನ್ನು ಹೇಳಿ ಎಷ್ಟೋ ಸಲ ನಗಿಸಿದ್ದೇನೆ. ಒಮ್ಮೆ ಡಾಕ್ಟರೊಬ್ಬರ ಹೆಂಡತಿ ಮಾತ್ರ ನಗದೆ, "ಪಾಪ, ಅವರಿಗೆ ತಿನ್ನಿಸಿದ ಮಹಾನುಭಾವ ಯಾರ್ರೀ?" ಎಂದು ಕೇಳಿದರು.

"ಆಫೀಸಲ್ಲಿ ಯಾರೋ ಒಬ್ಬ ಇದ್ದ" ಎಂದೆ.